ಯಲ್ಲಾಪ್ರಗಡ ಸುಬ್ಬರಾವ್

ಉಂಡ ಅನ್ನ ಮೈಗೆ ಹತ್ತಬೇಕು ಎಂದು ನಮ್ಮ ಹಿರಿಯರು ಹೇಳುವುದುಂಟು. ಅನ್ನ ದೊರೆಯುವುದು ಒಂದು ಭಾಗ್ಯವಾದರೆ, ದೊರೆತ ಅನ್ನವು ಜೀರ್ಣವಾಗಿ ರಕ್ತಮಾಂಸಗಳಾಗಿ ಪರಿಣಮಿಸುವುದು ಇನ್ನೊಂದು ಭಾಗ್ಯ. ಮುಂದೆ ತುಂಬಿದ ಎಲೆಯಿದ್ದರೂ, ತಿಂದುದು ಮೈಗೆ ಹತ್ತದೆ ಮನುಷ್ಯನು ದಿನದಿನಕ್ಕೆ ಸೊರಗುವ ಒಂದು ರೋಗವುಂಟು. ಹೀಗೆ ಕರುಳನ್ನು ಹಿಡಿದು ಬಹುಕಾಲ ಕಾಡುವ ಬೇನೆಯನ್ನು ನಮ್ಮ ನಾಡಿನ ವೈದ್ಯರು ಸಂಗ್ರಹಣಿ ಎಂದು ಕರೆಯುತ್ತಿದ್ದರು. ಉಷ್ಣವಲಯದ ದೇಶಗಳಲ್ಲಿ ಕಾಣುವ ಅದರ ಒಂದು ಬಗೆಗೆ ಪಾಶ್ಚಾತ್ಯ ವೈದ್ಯರು ಸ್ಪ್ರೂ ಎಂದು ಹೆಸರಿಟ್ಟರು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಈ ರೋಗವು ಆಂಧ್ರದ ಒಂದು ಬಡ ಮನೆತನವನ್ನು ಹೊಕ್ಕು, ಕೇವಲ ಎಂಟು ದಿನಗಳ ಅಂತರದಲ್ಲಿ ಇಬ್ಬರು ಸೋದರರನ್ನು ಬಲಿ ತೆಗೆದುಕೊಂಡಿತು. ಅವರ ಒಡಹುಟ್ಟಿದವನೊಬ್ಬನು ಆ ಸಾವನ್ನು ಮರೆಯಲಿಲ್ಲ. ಮುಂದೆ ಜಗತ್ತಿನ ಶ್ರೇಷ್ಠ ಜೀವರಸಾಯನ ವಿಜ್ಞಾನಿಗಳಲ್ಲಿ ಒಬ್ಬರೆನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರೇ ಆತ.

ಸುಬ್ಬರಾವ್ ಅವರು 1895ನೆಯ ಇಸವಿ ಜನವರಿ 12ರಂದು ಗೋದಾವರಿ ಸೀಮೆಯ ಭೀಮವರಂನಲ್ಲಿ ಜನಿಸಿದರು. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿ ನೌಕರರಾಗಿದ್ದರು. ತಾಯಿ ವೆಂಕಮ್ಮ. ಏಳು ಮಕ್ಕಳ ಸಂಸಾರ; ವರಮಾನ ಅಲ್ಪ. ಬಾಲಕ ಸುಬ್ಬರಾವ್ ಅವರಿಗೆ ಓದಿನಲ್ಲಿ ಅಷ್ಟೇನೂ ಮನಸ್ಸಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಅವರು ಮನೆ ಬಿಟ್ಟು ಕಾಶಿಗೆ ಹೊರಟುಬಿಟ್ಟರು. ಅಲ್ಲಿ ಯಾತ್ರಿಕರಿಗೆ ಬಾಳೆಯ ಹಣ್ಣು ಮಾರಿ ಹಣ ಸಂಪಾದಿಸಬೇಕೆಂಬುದು ಆ ಹುಡುಗನ ಹಂಚಿಕೆ. ಆದರೆ ತಾಯಿ ಬಿಡಲಿಲ್ಲ. ದಾರಿಯಲ್ಲಿಯೇ ತಡೆದು ಮನೆಗೆ ಕರೆತಂದು ಮತ್ತೆ ಶಾಲೆಗೆ ಕಳುಹಿಸಿದರು.

ಮುಂದಿನ ದಾರಿಯೂ ಸುಗಮವಾಗಿರಲಿಲ್ಲ. ಮನೆಯಲ್ಲಿ ಸಾವುನೋವುಗಳು ಒಂದರ ಮೇಲೊಂದು ಒದಗಿದುವು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ಎರಡು ಬಾರಿ ಅನುತ್ತೀರ್ಣರಾದರು. ತಾಯಿ ತಮ್ಮ ಒಡವೆಗಳನ್ನು ಮಾರಿ ಮಗನನ್ನು ಮದರಾಸಿಗೆ ಕಳುಹಿಸಿದರು. ಅಲ್ಲಿಯ ಹಿಂದೂ ಹೈಸ್ಕೂಲಿನಲ್ಲಿ ಓದಿ, ಮೂರನೆಯ ಪ್ರಯತ್ನದಲ್ಲಿ ಅವರು ತೇರ್ಗಡೆಯಾದರು. ಅನಂತರ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಈ ಕಾಲದಲ್ಲಿ ಅವರ ಮನಸ್ಸು ವೈರಾಗ್ಯದತ್ತ ತಿರುಗಿತು. ರಾಮಕೃಷ್ಣ ಮಠವನ್ನು ಸೇರಿ ಸಂನ್ಯಾಸಿಯಾಗಬೇಕೆಂದು ಅವರು ಬಯಸಿದರು. ತಾಯಿಯ ಒಪ್ಪಿಗೆಯಿಲ್ಲದೆ ಅದು ಸಾಧ್ಯವಾಗಲಿಲ್ಲ. ರೋಗಿಗಳ ಸೇವೆಯೂ ಸಾಧನೆಯ ಒಂದು ಮಾರ್ಗವೇ ಎಂದು ತಿಳಿದ ಸುಬ್ಬರಾವ್ ಮದರಾಸಿನ ವೈದ್ಯಕೀಯ ಕಾಲೇಜಿಗೆ ಸೇರಿದರು. ಕಾವಿಯನ್ನು ಉಡಲಿಲ್ಲವಾದರೂ ಅವರು ತಪಸ್ವಿಯ ಜೀವನವನ್ನು ಕೊನೆಯವರೆಗೂ ಬಿಡಲಿಲ್ಲ.

1919ರಲ್ಲಿ ಅವರಿಗೆ ಶೇಷಗಿರಿ ಎಂಬ ಕನ್ಯೆಯೊಡನೆ ವಿವಾಹವಾಯಿತು. ಅದು ಗಾಂಧೀಜಿಯವರ ಚಳವಳಿ ದೇಶವನ್ನು ಎಚ್ಚರಿಸುತ್ತಿದ್ದ ಕಾಲ. ಸುಬ್ಬರಾವ್ ಖಾದಿಯನ್ನು ಧರಿಸಲಾರಂಭಿಸಿದರು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೂ ಖಾದಿಯ ನಿಲುವಂಗಿಯನ್ನೇ ತೊಟ್ಟರು. ಇದು ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಕಾರಣವಾಯಿತು. ಓದಿನಲ್ಲಿ ಚೆನ್ನಾಗಿಯೇ ಇದ್ದರೂ ಅವರಿಗೆ ಎಂ.ಬಿ.ಬಿ.ಎಸ್. ಪದವಿ ದೊರೆಯಲಿಲ್ಲ, ಅದಕ್ಕಿಂತ ಕೆಳಮಟ್ಟದ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ದೊರೆಯಿತು. ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲು ಅವರ ಪಾಲಿಗೆ ತೆರೆಯಲಿಲ್ಲ. ಅವರು ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಶರೀರರಚನಾ ಶಾಸ್ತ್ರವನ್ನು ಬೋಧಿಸುವ ಉಪನ್ಯಾಸಕರಾದರು.

ಇಷ್ಟರಲ್ಲಿ ಸೋದರರ ಸಾವು ಅವರ ಮನಸ್ಸಿನಲ್ಲಿ ಆಳವಾಗಿ ಬೇರೂರಿತ್ತು. ಆ ರೋಗದ ಮುಂದೆ ಅಂದಿನ ವೈದ್ಯರು ಕೈಚೆಲ್ಲಿ ಕುಳಿತಿದ್ದರು. ಏಕೆಂದರೆ ರೋಗವು ದೇಹದಲ್ಲಿ ಏನು ಮಾಡುತ್ತದೆಂಬುದೇ ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಇಂದು ನಮಗೆ ಅದು ಬಹುಮಟ್ಟಿಗೆ ತಿಳಿದಿದೆ. ನಮ್ಮ ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳುಗಳಂತೆ ಚಾಚಿಕೊಂಡಿರುವ ಅಸಂಖ್ಯಾತ ಸೂಕ್ಷ್ಮ ಎಳೆಗಳಿವೆ. ಜೀರ್ಣವಾದ ಆಹಾರದ ಸಾರವನ್ನು ಹೀರಿ ರಕ್ತಕ್ಕೆ ಒಪ್ಪಿಸುವುದು ಇವುಗಳ ಕೆಲಸ. ಸ್ಪ್ರೂ ರೋಗದಲ್ಲಿ ಈ ಎಳೆಗಳು ಸವೆದು ಮೊಂಡಾಗುತ್ತವೆ. ಆಗ ಆಹಾರದ ಸಾರವು ರಕ್ತಕ್ಕೆ ಸೇರದೆ ಭೇದಿಯಾಗಿ ಹೊರಹೋಗುತ್ತದೆ. ನಾಲಗೆ ಹುಣ್ಣಾಗುತ್ತದೆ, ಮೈ ಬಿಳಿಚಿಕೊಳ್ಳುತ್ತದೆ, ರೋಗಿ ಎಲುಬಿನ ಗೂಡಾಗುತ್ತಾನೆ. ಹೀರಲಾರದೆ ಹೋದ ಸಾರಗಳಲ್ಲಿ ರಕ್ತಕಣಗಳ ರಚನೆಗೆ ಅತ್ಯಗತ್ಯವಾದ ಒಂದು ವಸ್ತುವೂ ಇರುತ್ತದೆ. ಕರುಳಿನ ಒಳಪೊರೆಯ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರಬೇಕು. ಆ ವಸ್ತುವಿಲ್ಲದೆ ಅವೂ ಸರಿಯಾಗಿ ಹುಟ್ಟಲಾರವು. ಹೀಗೆ ಕೆಟ್ಟ ಕರುಳಿನಿಂದ ಕೊರತೆ, ಕೊರತೆಯಿಂದ ಕರುಳಿಗೆ ಮತ್ತಷ್ಟು ಕೇಡು ಎಂಬ ವಿಷವರ್ತುಲವೊಂದು ರೋಗಿಯನ್ನು ಸುತ್ತಿಕೊಳ್ಳುತ್ತದೆ. ಆ ವಸ್ತು ಯಾವುದು? ಅದನ್ನು ಕಂಡುಹಿಡಿಯುವ ಕಾರ್ಯದಲ್ಲಿ ಸುಬ್ಬರಾವ್ ಅವರು ಮುಂದೆ ಪ್ರಮುಖ ಪಾತ್ರವನ್ನು ವಹಿಸಬೇಕಾಗಿತ್ತು.

1920ರ ದಶಕದ ಆರಂಭದಲ್ಲಿ ಅವರು ಅಮೆರಿಕಕ್ಕೆ ತೆರಳಿದರು. ಪ್ರಯಾಣದ ವೆಚ್ಚಕ್ಕೆ ಮಾವನವರೂ ಧರ್ಮಸಂಸ್ಥೆಯೊಂದೂ ನೆರವಾದರು. ಕೆಲವು ವರ್ಷಗಳಲ್ಲಿ ಹಿಂದಿರುಗುವ ಆಶೆಯಿಂದ ಅವರು ತಾಯಿ ಮತ್ತು ಪತ್ನಿಯರನ್ನು ಬೀಳ್ಕೊಂಡರು. ಅವರು ಮತ್ತೆ ತಾಯ್ನಾಡನ್ನು ಕಾಣಲಿಲ್ಲ. ಅವರು ಹೋದ ಬಳಿಕ ಹುಟ್ಟಿದ ಮಗ ಶೈಶವದಲ್ಲಿಯೇ ತೀರಿಕೊಂಡನು. ತಂದೆಯು ಮಗನ ಮುಖವನ್ನು ನೋಡಲಿಲ್ಲ.

ಬಾಸ್ಟನ್ ನಗರದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ರೋಗಗಳ ಅಧ್ಯಯನಕ್ಕೆ ಅವರಿಗೆ ಪ್ರವೇಶ ದೊರೆತಿತ್ತು. ಆದರೆ ವಿದ್ಯಾರ್ಥಿವೇತನ ದೊರೆತಿರಲಿಲ್ಲ. ಅವರ ಪ್ರಮಾಣಪತ್ರದ ಬಲದಿಂದ ಅಲ್ಲಿ ವೈದ್ಯವೃತ್ತಿ ನಡೆಸುವುದು ಸಾಧ್ಯವಿರಲಿಲ್ಲ. ಆಸ್ಪತ್ರೆಯೊಂದರಲ್ಲಿ ರಾತ್ರಿಯ ವೇಳೆ ಆಳಾಗಿ ದುಡಿದು, ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದು ಅವರು ಹೊಟ್ಟೆ ಹೊರೆದರು. ಹಗಲಿನಲ್ಲಿ ವ್ಯಾಸಂಗ ಮಾಡಿದರು. ತಮ್ಮ ಊರಿನಲ್ಲಿ ವೈದ್ಯರೆನಿಸಿಕೊಂಡವರು ಪರದೇಶದಲ್ಲಿ ಈ ಕೆಲಸವನ್ನು ಕೀಳೆಂದು ಭಾವಿಸಲಿಲ್ಲ. ಸೇವೆಯೇ ಸಾಧನೆ ಎಂದು ನಂಬಿ ಬಂದವರಿಗೆ ಅದರಲ್ಲಿ ಮೇಲು ಕೀಳುಗಳು ಕಾಣಲಿಲ್ಲ.

ಉಷ್ಣವಲಯದ ರೋಗಗಳ ಅಧ್ಯಯನ ಮುಗಿದ ಮೇಲೆ ಸುಬ್ಬರಾವ್ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬ ವಿಜ್ಞಾನಿಯೊಡನೆ ಸಂಶೋಧನೆಗೆ ತೊಡಗಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕದ ಪ್ರಮಾಣವನ್ನು ಬಣ್ಣದ ಗಾಢತೆಯಿಂದ ಅಳೆಯುವ ಸರಳವಾದ ವಿಧಾನವೊಂದನ್ನು ಅವರಿಬ್ಬರೂ ರೂಪಿಸಿ 1925ರಲ್ಲಿ ಪ್ರಕಟಿಸಿದರು. ಫಿಸ್ಕೆ–ಸುಬ್ಬರಾವ್ ವಿಧಾನವೆಂಬ ಹೆಸರಿನಿಂದ ಅದು ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಗೆ ಬಂತು. ಇದೇ ವಿಧಾನವನ್ನು ಸ್ನಾಯುಗಳ ಪರೀಕ್ಷೆಗೆ ಅಳವಡಿಸಿದಾಗ ಅವರಿಗೆ ಹೊಸ ಸಂಯುಕ್ತಗಳು ದೊರೆತವು. 1927ರಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವನ್ನೂ, 1929ರಲ್ಲಿ ಎ.ಟಿ.ಪಿ. ಎಂಬ ವಸ್ತುವನ್ನೂ ಅವರು ಪ್ರಕಟಪಡಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಎಂಬುವರೂ ಸ್ವತಂತ್ರವಾಗಿ ಎ.ಟಿ.ಪಿ.ಯನ್ನು ಕಂಡುಹಿಡಿದರು. ನಾವು ಉಣ್ಣುವ ಆಹಾರದಿಂದ ದೊರೆಯುವ ಶಕ್ತಿಯನ್ನು ಜೀವಕೋಶಗಳು ಒಮ್ಮೆಗೇ ವ್ಯಯ ಮಾಡುವುದಿಲ್ಲ. ಸಂತೆಗೆ ಹೋಗುವವನು ನೋಟನ್ನು ಮುರಿಸಿ ಚಿಲ್ಲರೆ ಇಟ್ಟುಕೊಳ್ಳುವಂತೆ, ಅವು ಆ ಶಕ್ತಿಯನ್ನು ಎ.ಟಿ.ಪಿ. ಎಂಬ ಚಿಲ್ಲರೆಯಾಗಿ ಮಾರ್ಪಡಿಸಿಕೊಂಡು ಬೇಕಾದಾಗ ಬೇಕಾದಷ್ಟನ್ನು ಬಳಸುತ್ತವೆ. ಹೃದಯದ ಮಿಡಿತಕ್ಕೂ ಕಣ್ಣಿನ ರೆಪ್ಪೆಯ ಚಲನೆಗೂ ಇದೇ ಬಂಡವಾಳ. 1930ರಲ್ಲಿ ಸುಬ್ಬರಾವ್ ಅವರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿ ದೊರೆಯಿತು.

ಇದೇ ಕಾಲದಲ್ಲಿ ಬಾಸ್ಟನ್ ನಗರವು ಇನ್ನೊಂದು ಆಶ್ಚರ್ಯಕ್ಕೆ ಸಾಕ್ಷಿಯಾಯಿತು. ಪರ್ನಿಶಿಯಸ್ ಅನೀಮಿಯಾ ಎಂಬ ಮಾರಕ ರಕ್ತಹೀನತೆಯಿಂದ ನರಳುವವರಿಗೆ ಪ್ರಾಣಿಗಳ ಯಕೃತ್ತನ್ನು, ಎಂದರೆ ಪಿತ್ತಜನಕಾಂಗವನ್ನು, ನಿತ್ಯವೂ ತಿನ್ನಿಸಿದರೆ ಅವರು ಚೇತರಿಸಿಕೊಳ್ಳುತ್ತಾರೆಂದು ಜಾರ್ಜ್ ಮೈನಾಟ್ ಮತ್ತು ವಿಲಿಯಂ ಮರ್ಫಿ ಎಂಬ ವೈದ್ಯರು 1926ರಲ್ಲಿ ತೋರಿಸಿಕೊಟ್ಟರು. ಈ ಕಾರ್ಯಕ್ಕಾಗಿ ಅವರು ಜಾರ್ಜ್ ವಿಪಲ್ ಅವರೊಡನೆ 1934ರ ನೊಬೆಲ್ ಪಾರಿತೋಷಕವನ್ನು ಪಡೆದರು. ಇತ್ತ ಭಾರತದಲ್ಲಿಯೂ ಮಹತ್ವದ ಸಂಗತಿಯೊಂದು ಜರುಗಿತು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ರಕ್ತಹೀನತೆಯನ್ನು ಪರೀಕ್ಷಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಯಕೃತ್ತಿನಲ್ಲಿಯೂ ಯೀಸ್ಟಿನಲ್ಲಿಯೂ ರಕ್ತವನ್ನು ವೃದ್ಧಿಪಡಿಸುವ ಏನೋ ಅಡಗಿದೆ ಎಂಬುದು ಹೀಗೆ ಖಚಿತವಾಯಿತು. ಆದರೆ ಆ ವಸ್ತುವನ್ನು ಬೇರ್ಪಡಿಸಿ ಕೈಯಲ್ಲಿ ಹಿಡಿದವರು ಇರಲಿಲ್ಲ. ಸುಬ್ಬರಾವ್ ಯಕೃತ್ತಿನ ಸಾರವನ್ನು ಸೋಸಿ, ಬೇರ್ಪಡಿಸಿ, ಮತ್ತೆ ಸೋಸಿ ಪರೀಕ್ಷಿಸುವ ದೀರ್ಘ ಸಾಧನೆಗೆ ಕೈಹಾಕಿದರು.

ಹಾರ್ವರ್ಡಿನಲ್ಲಿ ಅವರಿಗೆ ಸ್ಥಿರವಾದ ಪದವಿ ಲಭಿಸಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ಸಂಸ್ಥಾನದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಪ್ರಯೋಗಾಲಯಗಳನ್ನು ಸೇರಿ, ಕೆಲಕಾಲದಲ್ಲಿಯೇ ಅಲ್ಲಿಯ ಸಂಶೋಧನಾ ನಿರ್ದೇಶಕರಾದರು. ಇಲ್ಲಿ ಅವರ ಕೈಕೆಳಗೆ ರಸಾಯನ ವಿಜ್ಞಾನಿಗಳೂ ಸೂಕ್ಷ್ಮಜೀವಿ ವಿಜ್ಞಾನಿಗಳೂ ಒಟ್ಟುಗೂಡಿ ಶ್ರಮಿಸಿದರು. ಕೆಲವು ಬಗೆಯ ಬ್ಯಾಕ್ಟೀರಿಯಗಳ ಬೆಳೆವಣಿಗೆಗೂ ಆ ಅಜ್ಞಾತ ವಸ್ತು ಬೇಕೇಬೇಕು ಎಂಬುದು ಅವರಿಗೆ ಒಳ್ಳೆಯ ಸಾಧನವಾಯಿತು. ಸಾರದ ಯಾವ ಭಾಗವನ್ನು ಹಾಕಿದಾಗ ಬ್ಯಾಕ್ಟೀರಿಯ ಹುಲುಸಾಗಿ ಬೆಳೆಯುವುದೋ ಆ ಭಾಗದಲ್ಲಿ ವಸ್ತುವಿದೆ ಎಂದು ತಿಳಿಯುವುದು ಸಾಧ್ಯವಾಯಿತು. ಈ ನಡುವೆ 1941ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಾಲ್ಕು ಟನ್ನುಗಳಷ್ಟು ಪಾಲಕ್ ಸೊಪ್ಪಿನಿಂದ ಇಂತಹುದೇ ವಸ್ತುವಿನ ಅಲ್ಪ ಪ್ರಮಾಣವನ್ನು ಸಂಗ್ರಹಿಸಿದರು. ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಫೋಲಿಯಂ ಎಂದು ಹೆಸರು. ಎಲೆಯಿಂದ ದೊರೆತುದರಿಂದ ಅವರು ಅದನ್ನು ಫೋಲಿಕ್ ಆಮ್ಲವೆಂದು ಕರೆದರು.

ಟನ್ನುಗಟ್ಟಲೆ ಸೊಪ್ಪಿನಿಂದ ಚಿಟಿಕೆಯಷ್ಟು ದೊರೆಯುವ ವಸ್ತು ರೋಗಿಗಳ ಕೈಗೆ ಎಟುಕುವುದು ಹೇಗೆ? ಅದರ ರಚನೆಯನ್ನು ಅರಿತು, ಪ್ರಯೋಗಾಲಯದಲ್ಲಿಯೇ ಕೃತಕವಾಗಿ ತಯಾರಿಸುವುದೊಂದೇ ದಾರಿ. ಲೆಡರ್ಲೆಯ ವಿಜ್ಞಾನಿಗಳು ಯಕೃತ್ತಿನಿಂದ ಆ ವಸ್ತುವನ್ನು ಶುದ್ಧರೂಪದಲ್ಲಿ ಪಡೆದು, 1945ರಲ್ಲಿ ಅದನ್ನೇ ಹೋಲುವ ವಸ್ತುವನ್ನು ಸಂಶ್ಲೇಷಿಸಿದುದಾಗಿ ಲೋಕಕ್ಕೆ ತಿಳಿಸಿದರು. ಆ ಪ್ರಬಂಧದಲ್ಲಿ ಹದಿನಾರು ಮಂದಿಯ ಹೆಸರುಗಳಿದ್ದವು. ಸಂಶೋಧನೆಯ ಸೂತ್ರಧಾರರಾಗಿದ್ದ ಸುಬ್ಬರಾವ್ ಅವರ ಹೆಸರು ಮೊದಲನೆಯದಾಗಿರಲಿಲ್ಲ. ನಡುವೆ ಒಂದಾಗಿ ಸೇರಿಕೊಂಡಿತ್ತು.

ಆ ಔಷಧವು ಕೂಡಲೇ ಪರೀಕ್ಷೆಗೆ ಬಂತು. ಟಾಮ್ ಸ್ಪೀಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಕ್ಯೂಬಾ ದ್ವೀಪದ ಸ್ಪ್ರೂ ರೋಗಿಗಳಿಗೆ ಫೋಲಿಕ್ ಆಮ್ಲವನ್ನು ಕೊಟ್ಟು ನೋಡಿ, ಫಲಿತಾಂಶವನ್ನು 1946ರಲ್ಲಿ ಪ್ರಕಟಿಸಿದರು. ಎದ್ದು ನಿಲ್ಲಲಾರದವರು ಎದ್ದರು, ಹಸಿವು ಮರಳಿತು, ನಾಲಗೆಯ ಹುಣ್ಣು ಮಾದಿತು, ರಕ್ತ ವೃದ್ಧಿಯಾಯಿತು. ಭೀಮವರಂನ ಮನೆತನವನ್ನು ನಡುಗಿಸಿದ ರೋಗಕ್ಕೆ, ಆ ಮನೆತನದಲ್ಲಿ ಹುಟ್ಟಿದವರ ಪ್ರಯೋಗಾಲಯದಿಂದಲೇ ಮದ್ದು ದೊರೆಯಿತು. ಆದರೆ ಆ ಸೋದರರು ಮಡಿದು ಕಾಲು ಶತಮಾನಕ್ಕೂ ಹೆಚ್ಚು ಕಾಲ ಸಂದಿತ್ತು. ಯಾರನ್ನು ಉಳಿಸಬೇಕೆಂಬ ಹಂಬಲದಿಂದ ಹುಡುಕಾಟ ಮೊದಲಾಯಿತೋ ಅವರಿಗೆ ಅದು ಒದಗಲಿಲ್ಲ. ಹೆಸರರಿಯದ ಸಾವಿರಾರು ಸೋದರರಿಗೆ ಒದಗಿತು.

ಫೋಲಿಕ್ ಆಮ್ಲವು ಎಲ್ಲ ರಕ್ತಹೀನತೆಗೂ ಸಿದ್ಧೌಷಧವಾಗಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಪರ್ನಿಶಿಯಸ್ ಅನೀಮಿಯಾ ರೋಗಿಗಳಲ್ಲಿ ಅದು ರಕ್ತವನ್ನು ಸುಧಾರಿಸಿದರೂ, ನರಗಳಿಗೆ ತಗಲುವ ಹಾನಿಯನ್ನು ತಡೆಯಲಾರದೆ ಹೋಯಿತು. ಯಕೃತ್ತಿನಲ್ಲಿದ್ದ ಇನ್ನೊಂದು ವಸ್ತು ಆ ರೋಗಕ್ಕೆ ನಿಜವಾದ ಮದ್ದು ಎಂದು ತಿಳಿದುದು 1948ರಲ್ಲಿ. ಅದೇ ಬಿ–12 ಜೀವಸತ್ವ. ವಿಜ್ಞಾನದಲ್ಲಿ ಒಂದು ಉತ್ತರವು ಮತ್ತೊಂದು ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ.

ಸುಬ್ಬರಾವ್ ಅವರ ಪ್ರಯೋಗಾಲಯದ ಸಾಧನೆ ಇಷ್ಟಕ್ಕೇ ನಿಲ್ಲಲಿಲ್ಲ. ಜೀವಕೋಶಗಳ ವೃದ್ಧಿಗೆ ಫೋಲಿಕ್ ಆಮ್ಲ ಬೇಕಾದರೆ, ಅದನ್ನು ತಡೆಯುವ ವಸ್ತುವು ಮಿತಿಮೀರಿ ಬೆಳೆಯುವ ಕ್ಯಾನ್ಸರ್ ಕೋಶಗಳನ್ನು ಹಿಮ್ಮೆಟ್ಟಿಸಲಾರದೆ? ಈ ಆಲೋಚನೆಯಿಂದ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರು ಲೆಡರ್ಲೆಯಲ್ಲಿ ತಯಾರಾದ ಅಮಿನೋಪ್ಟೆರಿನ್ ಎಂಬ ಔಷಧವನ್ನು ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಹದಿನಾರು ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡರು. 1948ರಲ್ಲಿ ಪ್ರಕಟವಾದ ಈ ಫಲಿತಾಂಶವು ಕ್ಯಾನ್ಸರಿಗೆ ಔಷಧ ಚಿಕಿತ್ಸೆಯ ಹೊಸ ಯುಗವನ್ನು ತೆರೆಯಿತು. ಅದೇ ಗುಂಪಿನ ಮೆಥೊಟ್ರೆಕ್ಸೇಟ್ ಎಂಬ ಔಷಧ ಇಂದಿಗೂ ಬಳಕೆಯಲ್ಲಿದೆ. ಆನೆಕಾಲು ರೋಗಕ್ಕೆ ಕಾರಣವಾದ ಹುಳುಗಳನ್ನು ನಾಶಪಡಿಸುವ ಡೈಈಥೈಲ್‌ಕಾರ್ಬಮಜೀನ್ ಕೂಡ ಅಲ್ಲಿಯದೇ. 1947ರಲ್ಲಿ ಅದು ಪ್ರಕಟವಾಯಿತು. ನಮ್ಮ ರಾಜ್ಯದ ಕರಾವಳಿಯಲ್ಲಿಯೂ ಕಲಬುರಗಿಯ ಸೀಮೆಯಲ್ಲಿಯೂ ಆನೆಕಾಲು ರೋಗವನ್ನು ತಡೆಯಲು ಆರೋಗ್ಯ ಕಾರ್ಯಕರ್ತರು ಮನೆಮನೆಗೆ ತಂದು ಹಂಚಿದ ಮಾತ್ರೆ ಇದೇ.

ಅಲ್ಲಿಯೇ ಬೆಂಜಮಿನ್ ಡಗ್ಗರ್ ಎಂಬ ವೃದ್ಧ ಸಸ್ಯವಿಜ್ಞಾನಿ, ಸುಬ್ಬರಾವ್ ಅವರ ನಿರ್ದೇಶನದ ಕಾಲದಲ್ಲಿ, ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆರಿಯೊಮೈಸಿನ್ ಎಂಬ ಪ್ರತಿಜೈವಿಕವನ್ನು ಪಡೆದರು. 1948ರಲ್ಲಿ ಬಳಕೆಗೆ ಬಂದ ಅದು ಟೆಟ್ರಾಸೈಕ್ಲಿನ್ ಎಂಬ ಔಷಧವರ್ಗದ ಮೊದಲ ಸದಸ್ಯ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1960ರ ದಶಕದ ಆರಂಭದಲ್ಲಿ ವೆಲ್ಲೂರಿನ ಸುತ್ತಣ ಹಳ್ಳಿಗಳಲ್ಲಿ ಸ್ಪ್ರೂ ರೋಗವು ಸಾಂಕ್ರಾಮಿಕದಂತೆ ಹಬ್ಬಿದಾಗ, ಅಲ್ಲಿಯ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು ಅದನ್ನು ಆಳವಾಗಿ ಅಧ್ಯಯನ ಮಾಡಿದರು. ಕರುಳಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳಿಗೂ ಈ ರೋಗಕ್ಕೂ ನಂಟಿದೆಯೆಂಬ ಅಭಿಪ್ರಾಯವು ಕ್ರಮೇಣ ಬಲಗೊಂಡಿತು. ಇಂದು ವೈದ್ಯರು ಎಂಡೋಸ್ಕೋಪ್ ಎಂಬ ನಳಿಕೆಯನ್ನು ಬಾಯಿಯ ಮೂಲಕ ಇಳಿಸಿ, ಕರುಳಿನ ಒಳಪೊರೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ಗುರುತಿಸುತ್ತಾರೆ. ಆಮೇಲೆ ಕೆಲವು ತಿಂಗಳ ಕಾಲ ಅವರು ಕೊಡುವ ಮುಖ್ಯ ಔಷಧಗಳು ಎರಡು: ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್. ಒಂದನ್ನು ಸುಬ್ಬರಾವ್ ಹುಡುಕಿ ಹೊರಟಿದ್ದರು. ಇನ್ನೊಂದರ ವರ್ಗದ ಮೂಲವು ಹುಡುಕದೆಯೇ ಅವರ ಅಂಗಳದಲ್ಲಿ ಮೊಳೆತಿತ್ತು. ಎಂಟು ದಿನಗಳಲ್ಲಿ ಇಬ್ಬರನ್ನು ಒಯ್ದ ರೋಗಕ್ಕೆ ಬೇಕಾದ ಎರಡು ಮದ್ದುಗಳ ಮೂಲವೂ ಒಂದೇ ಪ್ರಯೋಗಾಲಯ. ಆದರೆ ಎರಡನೆಯದೂ ಆ ರೋಗಕ್ಕೆ ಮದ್ದಾಗುವುದನ್ನು ಕಾಣಲು ಅವರು ಬದುಕಿರಲಿಲ್ಲ.

1948ರ ಆಗಸ್ಟ್ ತಿಂಗಳಲ್ಲಿ, ಒಂದು ರಾತ್ರಿ ನಿದ್ರೆಯಲ್ಲಿದ್ದಾಗ ಹೃದಯಾಘಾತದಿಂದ ಸುಬ್ಬರಾವ್ ನಿಧನರಾದರು. ಆಗ ಅವರಿಗೆ ಐವತ್ತಮೂರು ವರ್ಷ. ಭಾರತವು ಸ್ವತಂತ್ರವಾಗಿ ಒಂದು ವರ್ಷ ತುಂಬುವುದರಲ್ಲಿತ್ತು. ಖಾದಿ ತೊಟ್ಟು ಪದವಿಯನ್ನು ಕಳೆದುಕೊಂಡವರು ಸ್ವತಂತ್ರ ಭಾರತದ ನೆಲವನ್ನು ಮೆಟ್ಟಲಿಲ್ಲ. ಅವರು ಕಾಲವಾದ ಬಳಿಕ ಸಹೋದ್ಯೋಗಿಗಳು ಒಂದು ಶಿಲೀಂಧ್ರಕ್ಕೆ ಸುಬ್ಬರೊಮೈಸಿಸ್ ಎಂದು ಹೆಸರಿಟ್ಟು ಅವರನ್ನು ಸ್ಮರಿಸಿದರು. ಜನ್ಮಶತಾಬ್ದಿಯ ವರ್ಷವಾದ 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ನೊಬೆಲ್ ಪಾರಿತೋಷಕವು ಅವರಿಗೆ ಸಲ್ಲಲಿಲ್ಲ. ಅವರು ಅದಕ್ಕಾಗಿ ಹಂಬಲಿಸಿದವರೂ ಅಲ್ಲ.

ಸುಬ್ಬರಾವ್ ಅವರ ನಿಜವಾದ ಸ್ಮಾರಕವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಗರ್ಭಿಣಿಯರಿಗೆ ವೈದ್ಯರು ಕೊಡುವ ಮಾತ್ರೆಗಳಲ್ಲಿ ಫೋಲಿಕ್ ಆಮ್ಲವಿರುತ್ತದೆ. ಗರ್ಭಧಾರಣೆಗೆ ಮೊದಲೂ ಅನಂತರದ ಆರಂಭದ ವಾರಗಳಲ್ಲಿಯೂ ಅದನ್ನು ಸೇವಿಸಿದರೆ ಶಿಶುವಿನ ಬೆನ್ನುಹುರಿಯ ದೋಷಗಳು ಬಹುಮಟ್ಟಿಗೆ ತಪ್ಪುತ್ತವೆಂದು 1991ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಸಿದ್ಧಪಡಿಸಿತು. ವಿದ್ಯಾರ್ಥಿಗಳಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಒಂದು ಪುಟ್ಟ ಮಾತ್ರೆಯುಂಟು. 2013ರಲ್ಲಿ ದೇಶದಾದ್ಯಂತ ಈ ಯೋಜನೆ ಆರಂಭವಾಯಿತು. ಅದರಲ್ಲಿರುವುದು ಕಬ್ಬಿಣದ ಅಂಶ ಮತ್ತು ಫೋಲಿಕ್ ಆಮ್ಲ. ಅದನ್ನು ನುಂಗಲು ಮುಖ ಸಿಂಡರಿಸುವ ಮಕ್ಕಳೂ ಇರಬಹುದು. ಆದರೆ ಆ ಮಾತ್ರೆಯ ಹಿಂದೆ ಒಬ್ಬ ತಾಯಿ ಮಾರಿದ ಒಡವೆಗಳಿವೆ, ಇಬ್ಬರು ಸೋದರರ ಸಾವಿದೆ, ಪರದೇಶದ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಪಾತ್ರೆ ತೊಳೆದ ಒಬ್ಬ ವೈದ್ಯರ ದುಡಿಮೆಯಿದೆ. ಎರಡು ಬಾರಿ ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿಯೊಬ್ಬರು ಕೋಟ್ಯಂತರ ವಿದ್ಯಾರ್ಥಿಗಳ ರಕ್ತಕ್ಕೆ ಬಲವನ್ನು ಕೊಟ್ಟು ಹೋಗಿದ್ದಾರೆ.